ಬೊಬ್ಬೆಹುಳದ ತೆರ

ಗಂಡು ಬೊಬ್ಬೆಹುಳಕ್ಕೆ ಆಸ್ತಿ ಅಂತ ಇರುವುದು ಒಂದೇ, ವಿಷ. ಅದನ್ನು ಅದು ಜೀವಮಾನವಿಡೀ ತಯಾರಿಸಿ ಹೊಟ್ಟೆಯೊಳಗೆ, ವೃಷಣಗಳ ಪಕ್ಕದಲ್ಲೇ ಇರುವ ಗ್ರಂಥಿಗಳಲ್ಲಿ ಕೂಡಿಡುತ್ತದೆ. ಆ ಗ್ರಂಥಿಗಳು ಮೂರು ಜೊತೆ. ಎರಡು ಜೊತೆ ಗಿಡ್ಡ. ಮೂರನೆಯದು ದಾರದಷ್ಟು ಸಣ್ಣ, ಉದ್ದಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ವಿಷದ ಉಗ್ರಾಣ ಅದೇ. ಹೆಣ್ಣಿಗೆ ಈ ವಿಷ ಮಾಡಲು ಬರುವುದಿಲ್ಲ. ಕೂಡುವಾಗ ಗಂಡು ತನ್ನಲ್ಲಿದ್ದಷ್ಟನ್ನೂ ಅವಳಿಗೆ ದಾಟಿಸುತ್ತದೆ. ಅವಳು ಅದನ್ನು ಮೊಟ್ಟೆಗಳಿಗೆ ಸವರುತ್ತಾಳೆ. ಇರುವೆ ಬಂದು, ಮೂಸಿ, ಹಿಂದಕ್ಕೆ ಹೋಗುತ್ತದೆ. ಬರಿದಾದ ಗಂಡನ್ನು ಅದೇ ಇರುವೆ ಎಳೆದುಕೊಂಡು ಹೋದರೂ ಕೇಳುವವರಿಲ್ಲ.

ಇಪ್ಪತ್ತಾರು ವರ್ಷ ನಾನು ಈ ಗ್ರಂಥಿಗಳನ್ನು ಸೂಜಿಯಲ್ಲಿ ಬಿಡಿಸಿ ಬಿಡಿಸಿ ನೋಡಿದವಳು. ಮದುವೆಮನೆಯಲ್ಲಿ ‘ಏನು ಕೆಲಸ ಮಾಡ್ತೀಯಮ್ಮ ವಸುಮತಿ’ ಅಂತ ಯಾರಾದರೂ ಕೇಳಿದರೆ ‘ಹುಳದ ಡಾಕ್ಟರು’ ಅಂದು ತಪ್ಪಿಸಿಕೊಳ್ಳುತ್ತಿದ್ದೆ. ಗಂಡುಹುಳದ ಜನನಾಂಗ ಅಂತ ಹೇಳಿದ ಒಂದು ಸಲ ಬಡಿಸುವವನು ಸಾರಿನ ಬಕೆಟ್ ಹಿಡಿದು ಮುಂದಿನ ಎಲೆಗೆ ಹೋಗಿಬಿಟ್ಟಿದ್ದ.

ನಾರುಶ್ವಾಸ ಬಂದ ಮೇಲೆ ಯಾರೂ ನಗಲಿಲ್ಲ. ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಹದಿನೈದಿಪ್ಪತ್ತು ವರ್ಷ ಸುಮ್ಮನಿದ್ದು, ಆಮೇಲೆ ಒಂದೇ ವರ್ಷದಲ್ಲಿ ನಾರುನಾರಾಗಿಬಿಡುವ ಕಾಯಿಲೆ ಅದು. ಚಾಮರಾಜನಗರದ ಕಡೆ ಕರಿಕಲ್ಲು ಕ್ವಾರಿಗಳಲ್ಲಿ ದುಡಿದವರು ಸಾಲುಸಾಲಾಗಿ ಮಲಗಿದರು. ಯಾವ ಔಷಧಿಯೂ ಆ ನಾರನ್ನು ಕರಗಿಸಲಿಲ್ಲ. ಬೊಬ್ಬೆಹುಳದ ವಿಷ ಕರಗಿಸುತ್ತಿತ್ತು, ಆದರೆ ನಾರಿನ ಜೊತೆ ಮೂತ್ರಪಿಂಡವನ್ನೂ ಸುಟ್ಟುಬಿಡುತ್ತಿತ್ತು. ಹೆಣ್ಣುಹುಳದ ಒಡಲಲ್ಲಿ ಆ ವಿಷ ತಂಗುವ ಒಂದು ಸಣ್ಣ ಚೀಲವಿದೆ. ಆ ಚೀಲವೇ ವಿಷವನ್ನು ಪಳಗಿಸಿ ಮೊಟ್ಟೆಗೆ ಸವರಿದರೆ? ನಮ್ಮ ಇಡೀ ಕೆಲಸ ನಿಂತಿದ್ದು ಈ ಒಂದು ‘ದರೆ’ಯ ಮೇಲೆ. ಒಂದು ವಂಶವಾಹಿ ಬದಲಿಸಿದೆವು. ಒಂಬತ್ತು ವರ್ಷ ಹಿಡಿಯಿತು. ಹೊಸ ತಳಿಯ ಮೊಟ್ಟೆ ತೊಳೆದ ನೀರು ಇಲಿಗಳ ಎದೆಯ ನಾರನ್ನು ಕರಗಿಸಿತು, ಮೂತ್ರಪಿಂಡದ ತಂಟೆಗೆ ಹೋಗಲಿಲ್ಲ. ತೊಳೆದ ಮೇಲೂ ಮೊಟ್ಟೆಗಳು ಒಡೆದು ಮರಿಯಾದವು.

ಮನುಷ್ಯರಲ್ಲಿ ಮೊದಲು ತೆಗೆದುಕೊಳ್ಳಲು ಒಪ್ಪಿ ಸಹಿ ಹಾಕಿದವರು ನನ್ನ ಗಂಡ ಶಿವರುದ್ರ. ಇವರು ಗಣಿ ಇಲಾಖೆಯ ಸರ್ವೇಯರು, ಹತ್ತೊಂಬತ್ತು ವರ್ಷ ಕ್ವಾರಿಗಳನ್ನು ಅಳೆದವರು.

ಆ ವರ್ಷಗಳಲ್ಲಿ ರೋಗಿಗಳ ಎದೆಗೆ ಉಸಿರುಪಟ್ಟಿ ಅಂಟಿಸುತ್ತಿದ್ದರು. ಬೆರಳಗಲದ ಪಟ್ಟಿ. ಶ್ವಾಸಕೋಶ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿದೆ ಅಂತ ಮನೆಯವರ ಫೋನಿಗೆ ಅಂಕಿ ಕಳಿಸುತ್ತಿತ್ತು. ಬೇರೆ ಮನೆಗಳಲ್ಲಿ ಬೆಳಗ್ಗೆ ಹಾಲು ಬಂತಾ ಅಂತ ಕೇಳುವ ಹಾಗೆ ನಮ್ಮ ಮನೆಯಲ್ಲಿ ಅಂಕಿ ಎಷ್ಟು ಅಂತ ಕೇಳುವುದು ರೂಢಿಯಾಯಿತು.

“ಎಷ್ಟು ಬಂತು, ವಸೂ?”

“ಮೂವತ್ತೊಂದು.”

“ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನನಗೆ ಅಷ್ಟೇ ಬಂದಿದ್ದು. ಗ್ರೇಸ್ ಮಾರ್ಕು ಹಾಕಿ ಪಾಸು ಮಾಡಿದ್ರು. ನಿನ್ನ ಹುಳಕ್ಕೆ ಹೇಳು, ನಾಲ್ಕು ಗ್ರೇಸ್ ಮಾರ್ಕು ಹಾಕ್ಲಿ.”

ನಕ್ಕರೆ ಕೆಮ್ಮು ಬರುತ್ತಿತ್ತು. ಆದರೂ ನಗಿಸುವುದನ್ನು ಬಿಡಲಿಲ್ಲ, ಹಟಮಾರಿ ಮನುಷ್ಯ. ಇಪ್ಪತ್ತಕ್ಕಿಂತ ಕೆಳಗೆ ಇಳಿದರೆ ಔಷಧಿಯೂ ಹಿಡಿಯುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟರೊಳಗೆ ನಮ್ಮ ಹುಳಗಳು ಮೊಟ್ಟೆ ಇಡಬೇಕಿತ್ತು.

ನಮ್ಮ ಪ್ರಯೋಗಾಲಯ ಇದ್ದದ್ದು ಕೊಳ್ಳೇಗಾಲದ ಹೊರಗೆ, ಮುಚ್ಚಿಹೋಗಿದ್ದ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ. ರೈತರಿಗೆ ಬೇಕಾದ ರೇಷ್ಮೆ ಮೊಟ್ಟೆ ತಯಾರಾಗುತ್ತಿದ್ದ ಜಾಗ. ಕಟ್ಟಡದ ಜೊತೆಗೇ ನಮಗೆ ಸಿಕ್ಕವರು ಚಿಕ್ಕತಾಯಮ್ಮ. ಮೂವತ್ತೈದು ವರ್ಷ ಅದೇ ಕೋಠಿಯಲ್ಲಿ ಚಿಟ್ಟೆ ಜೋಡಿ ಮಾಡಿ, ಜೋಡಿ ಬಿಡಿಸಿದ ಕೈ ಅವರದು. ರೇಷ್ಮೆ ಚಿಟ್ಟೆಗಳನ್ನು ಮೂರು ಗಂಟೆಗಿಂತ ಹೆಚ್ಚು ಕೂಡಲು ಬಿಡುವುದಿಲ್ಲ. ಬಿಟ್ಟರೆ ಹೆಣ್ಣು ಸೊರಗಿ ಮೊಟ್ಟೆ ಕಡಿಮೆ ಇಡುತ್ತದೆ. ರೆಕ್ಕೆಗೆ ನೋವಾಗದಂತೆ ಬಿಡಿಸಿ, ಹೆಣ್ಣನ್ನು ಮೊಟ್ಟೆ ಹಾಳೆಯ ಮೇಲೆ ಬಿಟ್ಟು, ಗಂಡನ್ನು ಎಸೆಯಬೇಕು. ಗಂಟೆಗೆ ಐನೂರು ಜೋಡಿ ಬಿಡಿಸುತ್ತಿದ್ದರಂತೆ. ನನ್ನ ಎಂ.ಎಸ್ಸಿ. ಹುಡುಗಿಯರು ಇಕ್ಕಳದಲ್ಲಿ ಹಿಡಿದು ಕಾಲು ಮುರಿಯುವ ಹುಳವನ್ನು ಚಿಕ್ಕತಾಯಮ್ಮ ಕೈಗೆ ಎಣ್ಣೆ ಸವರಿಕೊಂಡು, ಮೇಲೆ ತೆಳು ಗ್ಲೌಸು ಹಾಕಿಕೊಂಡು, ಹೂವಿನಂತೆ ಎತ್ತಿಡುತ್ತಿದ್ದರು. ಮರಿಗಳಿಗೆ ಬೇಕಾದ ಮಿಡತೆ ಮೊಟ್ಟೆಯನ್ನು ಹೊಲದ ಬದುಗಳಲ್ಲಿ ಅಗೆದು ತರುತ್ತಿದ್ದವರೂ ಅವರೇ.

ಒಂದು ದಿನ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಗಂಡಿನ ಮೂರನೇ ಗ್ರಂಥಿ ತೋರಿಸಿದೆ. ಬಿಗಿಯಾಗಿ ತುಂಬಿ ಬೆಳ್ಳಗೆ ಹೊಳೆಯುತ್ತಿತ್ತು.

“ಈ ವಿಷನೆಲ್ಲ ಹೆಣ್ಣಿಗೆ ಕೊಡುತ್ತೆ, ಚಿಕ್ಕತಾಯಮ್ಮ.”

“ಅಯ್, ತೆರ ಕೊಟ್ಟಂಗೆ ಅನ್ನಿ,” ಅಂದರು. “ನಮ್ಮಪ್ಪನ್ ಕಾಲ್ದಲ್ಲಿ ಗಂಡಿನ್ ಕಡೆಯವ್ರೇ ತೆರ ಕೊಟ್ಟು ಹೆಣ್ ತರೋರು ಕನವ್ವ. ಈಗ ನೋಡಿ, ಎಲ್ಲಾ ತಲೆಕೆಳಗೆ. ಹುಳವೇ ವಾಸಿ.”

“ಕೊಟ್ಟಾದ್ಮೇಲೆ ಗಂಡು ಪೂರಾ ಖಾಲಿ. ಆಮೇಲೆ ಅದನ್ನ ಎಲ್ಲಿ ಎಸೆದರೂ ಅಪಾಯ ಇಲ್ಲ.”

ಇಷ್ಟು ಹೇಳಿದೆ. ಎಷ್ಟು ಹೊತ್ತಿನಲ್ಲಿ ಕೊಡುತ್ತದೆ ಅಂತ ಹೇಳಲಿಲ್ಲ. ಗೋಡೆಯ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಚಿಕ್ಕತಾಯಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷಗಳಲ್ಲಿ ಕೂಡಿಸುವ ಕೆಲಸವನ್ನು ನಾನೂ ಹುಡುಗಿಯರೂ ಒಳಕೋಣೆಯಲ್ಲೇ ಮಾಡುತ್ತಿದ್ದೆವು, ಅವರು ನೋಡಿರಲಿಲ್ಲ. ಈ ಸಲವೂ ಕೂಡುವ ದಿನ ನಾನೇ ಪಕ್ಕದಲ್ಲಿ ಇರುತ್ತೇನಲ್ಲ ಅಂದುಕೊಂಡಿದ್ದೆ.

ತೊಗರಿ ಹೂ ಬಿಡುವ ಕಾಲಕ್ಕೆ ಸರಿಯಾಗಿ ಹುಳಗಳು ಮಣ್ಣಿನಿಂದ ಎದ್ದವು. ವರ್ಷಕ್ಕೆ ಒಂದೇ ಸಲ. ಆ ಸಲ ನಮಗೆ ಉಳಿದದ್ದು ಅರುವತ್ತು ಜೋಡಿ, ಅಂದರೆ ಒಬ್ಬ ರೋಗಿಗೆ ಸಾಕಾಗುವಷ್ಟು ಔಷಧಿ. ಜೋಡಿ ಮಾಡಬೇಕಾದ ದಿನ ಬೆಳಗ್ಗೆ ಇವರ ಅಂಕಿ ಇಪ್ಪತ್ನಾಲ್ಕಕ್ಕೆ ಕುಸಿಯಿತು, ತುಟಿ ನೀಲಿಯಾಯಿತು. ಮೈಸೂರಿನ ಆಸ್ಪತ್ರೆಗೆ ಓಡಿದೆವು. ಅದೇ ವಾರ ನನ್ನ ಎಂ.ಎಸ್ಸಿ. ಹುಡುಗಿಯರಿಬ್ಬರೂ ಪರೀಕ್ಷೆಗೆ ಅಂತ ಊರಿಗೆ ಹೋಗಿದ್ದರು.

ಹನ್ನೊಂದು ಗಂಟೆಗೆ ಚಿಕ್ಕತಾಯಮ್ಮನ ಫೋನು. ಇವರ ಮೂಗಿಗೆ ನಳಿಕೆ ಹಾಕುತ್ತಿದ್ದರು. ನಾನು ಇವರ ಕೈ ಹಿಡಿದು ನಿಂತಿದ್ದೆ.

“ಮೇಡಂನೋರೆ, ಎಂಟ್ ಗಂಟೆಗೇ ಎಲ್ಲಾ ಜೋಡಿ ಕೂತವೆ. ಅರುವತ್ತಕ್ಕೆ ಅರುವತ್ತೂ. ಯಜಮಾನ್ರು ಎಂಗವ್ರೆ?”

“ಇದ್ದಾರೆ.”

“ಮುಂದುಕ್ಕೆ ಏನ್ಮಾಡ್ಲಿ?”

“ನಿಮಗೆ ಗೊತ್ತಿರೋ ಕೆಲಸ ತಾನೇ, ನೋಡ್ಕೊಂಡು ಮಾಡಿ,” ಅಂದು ಇಟ್ಟುಬಿಟ್ಟೆ.

ಈ ಒಂದು ವಾಕ್ಯವನ್ನು ನಾನು ಎಷ್ಟು ಸಾವಿರ ಸಲ ಮತ್ತೆ ಹೇಳಿಕೊಂಡಿದ್ದೇನೋ.

ಎರಡು ದಿನ ಬಿಟ್ಟು ಕೋಠಿಗೆ ಬಂದಾಗ ಮೊಟ್ಟೆಗಳು ಇದ್ದವು. ಹಳದಿ ಬಣ್ಣ, ಅಕ್ಕಿನುಚ್ಚಿನಷ್ಟು ಗಾತ್ರ, ರಾಶಿರಾಶಿ. ಒಂದೊಂದು ಹೆಣ್ಣೂ ಎಂದಿಗಿಂತ ಹೆಚ್ಚು ಇಟ್ಟಿತ್ತು. ಚಿಕ್ಕತಾಯಮ್ಮ ಎರಡು ದಿನ ಮನೆಗೇ ಹೋಗಿರಲಿಲ್ಲ. ಕಣ್ಣು ಕೆಂಡವಾಗಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ. “ಒಂದ್ ಕಾಲೂ ಮುರಿದಿಲ್ಲ ಕನವ್ವ, ನೋಡ್ಕಳಿ,” ಅಂದರು. ನಾನು ಅವರನ್ನು ತಬ್ಬಿಕೊಂಡೆ.

ಮೊಟ್ಟೆ ತೊಳೆದೆವು. ಆ ನೀರಿನ ಪೂರ್ತಿ ಪರೀಕ್ಷೆಯ ವರದಿ ಬರಲು ಹತ್ತು ದಿನ ಬೇಕು, ನೀರು ಕೆಡದೆ ಉಳಿಯುವುದು ಮೂರೇ ದಿನ. ಹಾಗಾಗಿ ನಿಯಮದ ಪ್ರಕಾರ ಒಂದು ಹನಿಯನ್ನು ನನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡು ಕಾದೆ. ವಿಷ ಪಳಗದೆ ಉಳಿದಿದ್ದರೆ ಬೊಬ್ಬೆ ಏಳಬೇಕು. ಏಳಲಿಲ್ಲ. ಚರ್ಮ ಕೆಂಪಗೂ ಆಗಲಿಲ್ಲ. ವಿಷ ಪಳಗಿದೆ ಅಂತ ನಾನು ಕುಣಿದಾಡಿದೆ. ಅಲ್ಲಿ ಪಳಗಲಿಕ್ಕೆ ವಿಷವೇ ಇರಲಿಲ್ಲ ಅನ್ನುವುದು ಇಪ್ಪತ್ತಾರು ವರ್ಷ ಓದಿದ ತಲೆಗೆ ಹೊಳೆಯಲಿಲ್ಲ.

ಔಷಧಿ ಇವರ ರಕ್ತಕ್ಕೆ ಹೋಯಿತು. ಮಾರನೇ ದಿನ ಅಂಕಿ ಇಪ್ಪತ್ತಾರು. ಆಸ್ಪತ್ರೆಯವರು ಕೊಡುತ್ತಿದ್ದ ಬೇರೆ ಔಷಧಿಗಳಿಂದ ಏರಿದ್ದು ಅಂತ ಈಗ ಗೊತ್ತು. ಅವತ್ತು ನಾವಿಬ್ಬರೂ ಅತ್ತೆವು. “ಎರಡು ಗ್ರೇಸ್ ಮಾರ್ಕು ಬಂತು,” ಅಂದರು ಇವರು. ಡಿಸ್ಚಾರ್ಜ್ ಆದ ಮೇಲೆ ಮೊದಲು ಏನು ತಿನ್ನಬೇಕು ಅಂತ ಪಟ್ಟಿ ಹೇಳಿದರು, ಹುಚ್ಚೆಳ್ಳು ಚಟ್ನಿಯಿಂದ ಶುರುಮಾಡಿ. ನಾನು ಫೋನಿನಲ್ಲಿ ಬರೆದುಕೊಂಡೆ.

ನಾಲ್ಕನೇ ದಿನ ನಾನು ಕೋಠಿಯಲ್ಲಿದ್ದೆ. ಚಿಕ್ಕತಾಯಮ್ಮ ತಡವಾಗಿ ಬಂದರು.

“ನಮ್ ಮೇಕೆ ಸತ್ತೋಯ್ತು ಕನವ್ವ. ಬಾಯೆಲ್ಲ ಬೊಕ್ಕೆ ಬೊಕ್ಕೆ, ನಾಲ್ಗೆ ಸುಟ್ಟೋದಂಗೆ. ಉಚ್ಚೇಲಿ ರಕ್ತ. ಡಾಕುಟ್ರು ಬರೋವತ್ತಿಗೆ ಕಾಲ್ ಚಾಚ್ಬುಡ್ತು.”

“ಏನು ತಿಂದಿತ್ತು?”

“ಬ್ಯಾರೆ ಏನೂ ಇಲ್ಲ. ಇಲ್ಲಿ ಹುಳ ಮೇಯ್ದು ಬುಟ್ಟಿದ್ ತೊಗರಿ ಹೂವು, ಸೊಪ್ಪು. ರೇಸ್ಮೆ ಹುಳ ಮೇಯ್ದು ಬುಟ್ಟಿದ್ ಸೊಪ್ನ ಹಾಕಂಗೆ ಹಾಕ್ತಿದ್ದೆ. ಅದ್ರಲ್ಲಿ ಎಸ್ದಿದ್ದ ಗಂಡುಹುಳವೂ ಇದ್ವು. ಖಾಲಿ ಆಗವೆ, ಏನೂ ಆಗಾಕಿಲ್ಲ ಅಂತ ನೀವೇ ಅಂದಿದ್ರಲ್ಲ.”

ಅವರ ಮುಂದೆ ಏನೂ ತೋರಿಸಿಕೊಳ್ಳದೆ ಹಿಂದಿನ ಗೊಬ್ಬರದ ಗುಂಡಿಗೆ ಹೋದೆ. ಸೊಪ್ಪಿನ ಕಡ್ಡಿಗಳ ನಡುವೆ ಮೂರು ಸತ್ತ ಗಂಡು ಸಿಕ್ಕವು. ಒಳಗೆ ತಂದು, ಬಾಗಿಲು ಹಾಕಿಕೊಂಡು, ಹೊಟ್ಟೆ ಬಿಡಿಸಿದೆ. ಅಷ್ಟು ದಿನವಾಗಿದ್ದರೂ ಮೂರನೇ ಜೊತೆ ಗ್ರಂಥಿ ಹಾಗೇ ಇತ್ತು. ಬಿಗಿಯಾಗಿ, ತುಂಬಿಕೊಂಡು, ಬೆಳ್ಳಗೆ. ಮೂರರಲ್ಲೂ.

ಬೊಬ್ಬೆಹುಳ ಇಪ್ಪತ್ತು ಗಂಟೆ ಕೂಡಿರುತ್ತದೆ. ಮೊದಲ ಎರಡು ಮೂರು ಗಂಟೆಯಲ್ಲಿ ವೀರ್ಯ ಹೋಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ನಡೆಯದಂತೆ ಕಾಣುತ್ತದೆ. ವಿಷ ದಾಟುವುದು ಕೊನೆಯ ಗಂಟೆಗಳಲ್ಲಿ. ಮೂರು ಗಂಟೆಗೇ ಬಿಡಿಸಿದರೆ ಮೊಟ್ಟೆ ಇಡುತ್ತದೆ, ಮರಿಯೂ ಆಗುತ್ತದೆ. ಮೊಟ್ಟೆಯ ಮೇಲೆ ಮಾತ್ರ ಏನೂ ಇರುವುದಿಲ್ಲ.

ಹೊರಗೆ ಬಂದು ಸಾಧ್ಯವಾದಷ್ಟು ಸಾಧಾರಣ ದನಿಯಲ್ಲಿ ಕೇಳಿದೆ, “ಅವತ್ತು ಜೋಡಿ ಎಷ್ಟು ಗಂಟೆಗೆ ಬಿಡಿಸಿದ್ರಿ?”

“ನಿಮ್ಗೆ ಫೋನ್ ಮಾಡಿದ್ನಲ್ಲ, ಅದಾಗಿದ್ ತಕ್ಸಣ. ಹನ್ನೊಂದಕ್ಕೆ. ರೇಸ್ಮೆ ಚಿಟ್ಟೆಗಿಂತ ಬಿಗಿಯಾಗಿ ಹಿಡ್ಕಂಡಿದ್ವು ಕನವ್ವ, ಒಂದೊಂದ್ನೂ ಪುಸಲಾಯಿಸಿ ಬುಡುಸ್ದೆ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆಯೂ ಇರಲಿಲ್ಲ. ಪ್ರೀತಿಯಿಂದ, ಒಂದು ಕಾಲೂ ಮುರಿಯದಂತೆ, ನನ್ನ ಗಂಡ ಬದುಕಲಿ ಅಂತಲೇ ಆ ತಾಯಿ ಒಂದೊಂದಾಗಿ ಬಿಡಿಸಿದ್ದರು. ನನಗೆ ಕೂಗಬೇಕು ಅನ್ನಿಸಿತು. ಹೊಡೆಯಬೇಕು ಅಂತಲೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಹೊಡೆಯಬೇಕಾದ ಕೆನ್ನೆ ನನ್ನದೇ ಆಗಿತ್ತು. “ಮೇಕೆಗೆ ಏನೋ ಕಾಯಿಲೆ ಇರಬೇಕು,” ಅಂದು ಕಾರು ಹತ್ತಿದೆ.

ಇನ್ನೊಂದು ಸಲ ಮಾಡಲು ಗಂಡುಗಳಿರಲಿಲ್ಲ. ಇದ್ದರೂ ಒಮ್ಮೆ ಕೂಡಿದ ಹೆಣ್ಣು ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ. ಮುಂದಿನ ಹುಳ ಏಳಲು ಒಂದು ವರ್ಷ ಬೇಕು.

ಅವತ್ತು ಸಂಜೆ ಇವರಿಗೆ ಹೇಳಿಬಿಟ್ಟೆ. ಮುಚ್ಚಿಡುವ ಶಕ್ತಿ ಇರಲಿಲ್ಲ. ಫೋನಿನಲ್ಲಿ ಅಂಕಿ ಇಪ್ಪತ್ತೆರಡು ತೋರಿಸುತ್ತಿತ್ತು. ಇವರು ಕಿಟಕಿ ಕಡೆ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು.

“ಆಕೆಗೆ ಗೊತ್ತಾ?”

“ಇಲ್ಲ.”

“ಹೇಳ್ಬೇಡ ವಸೂ. ಪಾಪ, ಬದುಕಿರೋವರೆಗೂ ಕೊರಗುತ್ತೆ ಆ ಜೀವ. ಬೇಕು ಅಂತ ಮಾಡಿದ್ದಾ? ನನಗೆ ಆಕೆ ಮೇಲೆ ಸಿಟ್ಟಿಲ್ಲ.” ಉಸಿರು ಸಾಲದೆ ನಿಲ್ಲಿಸಿದರು. “ನಿನ್ನ ಮೇಲೂ ಇಲ್ಲ. ಭಯ ಮಾತ್ರ ಇದೆ, ಸ್ವಲ್ಪ ಹತ್ರ ಕೂತ್ಕೊ.”

ಮಂಚದ ಮೇಲೇ ಹತ್ತಿ ಕೂತೆ. ನರ್ಸು ಬೈದಳು, ಇಳಿಯಲಿಲ್ಲ. ಔಷಧಿ ಕೊಟ್ಟ ಒಂಬತ್ತನೇ ದಿನ ಮಧ್ಯಾಹ್ನ, ಊಟದ ಗಾಡಿ ವಾರ್ಡಿಗೆ ಬಂದ ಹೊತ್ತಿನಲ್ಲಿ, ಇವರು ಹೋದರು. ಫೋನಿಗೆ ಸೊನ್ನೆ ಅಂತ ಬಂತು. ಆ ಯಂತ್ರಕ್ಕೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲಿಲ್ಲ. ನಿಮಿಷಕ್ಕೊಂದು ಸಲ ಸೊನ್ನೆ ಕಳಿಸುತ್ತಲೇ ಇತ್ತು.

ತಿಥಿಗೆ ಚಿಕ್ಕತಾಯಮ್ಮ ಬಂದು ಗೋಡೆಗೆ ಒರಗಿ ಅತ್ತರು. “ಔಸ್ದಿ ಹಿಡೀನಿಲ್ವಲ್ಲವ್ವಾ,” ಅಂದರು. ನಾನು “ಹಿಡೀಲಿಲ್ಲ” ಅಂದೆ. ಬಂದವರ ಮುಂದೆ ಅವರೇ ನನಗೆ ಸಮಾಧಾನ ಹೇಳಿದರು.

ಪ್ರಯೋಗಕ್ಕೆ ಅನುಮತಿ ಕೊಟ್ಟಿದ್ದ ಸಮಿತಿಯವರಿಗೆ ನಾನು ನಡೆದದ್ದನ್ನೆಲ್ಲ ಬರೆದುಕೊಟ್ಟೆ, ತಪ್ಪು ನನ್ನದು ಅಂತ. ಅವರು ನನ್ನನ್ನು ತೆಗೆಯಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಅದೇ ಮೊಟ್ಟೆಗಳಿಂದ ಮರಿ ಎದ್ದಿದ್ದವು, ಹನ್ನೊಂದು ರೋಗಿಗಳು ಹೆಸರು ಕೊಟ್ಟು ಕಾಯುತ್ತಿದ್ದರು. ಚಿಕ್ಕತಾಯಮ್ಮ ಆ ವರ್ಷ ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದರು. ನಾನು ಆ ವರ್ಷವಿಡೀ ಒಂದು ಸುಳ್ಳನ್ನು ಸಾಕಿದೆ: ಈ ಸಲದ್ದು ಬೇರೆ ತಳಿ, ಇದಕ್ಕೆ ಒಂದು ದಿನ ಬೇಕಾಗುತ್ತದೆ. ಹೇಗೂ ಮೂರು ಗಂಟೆಗೆ ಬಿಡಿಸಬೇಡಿ ಅಂತ ಹೇಳಲೇಬೇಕಿತ್ತಲ್ಲ.

ಮತ್ತೆ ತೊಗರಿ ಹೂ ಬಿಟ್ಟಿತು. ಏಳುನೂರು ಜೋಡಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲವೂ ಕೂಡಿದವು. ನಾಲ್ಕು ಗಂಟೆಗೆ ಚಿಕ್ಕತಾಯಮ್ಮ ಕೈಗೆ ಎಣ್ಣೆ ಸವರಿಕೊಂಡು ಬಂದಾಗ ನಾನು ಅಡ್ಡ ನಿಂತೆ.

“ಮುಟ್ಟಬೇಡಿ. ತಾವಾಗೇ ಬಿಡೋವರೆಗೂ ಬಿಡಿ. ನಾಳೆ ಬೆಳಗ್ಗೆ ಆಗುತ್ತೆ.”

“ಹಂಗಾರೆ ಹೆಣ್ ಸೊರಗಾಕಿಲ್ವಾ?”

“ಇಲ್ಲ. ಇದಕ್ಕೆ ಹೀಗೇ.”

ಅವರು ಕೈ ಒರೆಸಿಕೊಂಡರು. ಮಾರನೇ ದಿನ ಬೆಳಗ್ಗೆ ನಾನು ಬರುವ ಹೊತ್ತಿಗೆ ಪಂಜರದ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಒಂಬತ್ತರ ಹೊತ್ತಿಗೆ ಮೊದಲ ಜೋಡಿ ಬಿಟ್ಟಿತು. ಯಾರೂ ಪುಸಲಾಯಿಸಬೇಕಾಗಲಿಲ್ಲ. ಗಂಡು ಕೆಳಗಿಳಿದು ಎರಡು ಹೆಜ್ಜೆ ಹಾಕಿ ನಿಂತಿತು. ಚಿಕ್ಕತಾಯಮ್ಮ ಅದನ್ನು ಎತ್ತಿ ತಂದು ನನ್ನ ಮುಂದಿಟ್ಟರು.

“ಬುಡುಸಿ ತೋರ್ಸಿ.”

ಬಿಡಿಸಿದೆ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದರು. ಗ್ರಂಥಿ ಗಾಳಿ ಬಿಟ್ಟ ಚೀಲದಂತೆ ಚಪ್ಪಟೆಯಾಗಿ ಬಿದ್ದಿತ್ತು.

“ತೆರ ಕೊಟ್ಬುಟ್ಟದೆ,” ಅಂದರು. ಕಣ್ಣು ತೆಗೆಯಲಿಲ್ಲ. “ಹೋದ್ ವರ್ಸದವೂ ಹಿಂಗೇ ತಾವಾಗೇ ಬುಡ್ತಿದ್ವಾ?”

ನನ್ನ ಸುಳ್ಳು ತಯಾರಾಗೇ ಇತ್ತು. “ಅವು ಬೇರೆ...” ಅಂತ ಶುರುಮಾಡಿದೆ.

“ಅವುಗಳ್ ಮಕ್ಕಳೇ ಅಲ್ವಾ ಇವು? ನಾನೇ ಸಾಕಿವ್ನಿ.”

“ಹೌದು,” ಅಂದೆ. “ತಾವಾಗೇ ಬಿಡ್ತಿದ್ವು. ಎಷ್ಟು ಹೊತ್ತು ಅಂತ ನಾನು ನಿಮಗೆ ಹೇಳಿರಲಿಲ್ಲ. ತಪ್ಪು ನನ್ನದು, ಚಿಕ್ಕತಾಯಮ್ಮ. ನಿಮ್ಮದಲ್ಲ.”

ಅವರು ಸೂಕ್ಷ್ಮದರ್ಶಕದಿಂದ ಮುಖ ಎತ್ತಿದರು. ಆ ಮುಖ ನೋಡಲು ನನ್ನಿಂದಾಗಲಿಲ್ಲ.

“ಯಾವಾಗ್ ಗೊತ್ತಾಯ್ತು ನಿಮ್ಗೆ?”

“ನಿಮ್ಮ ಮೇಕೆ ಸತ್ತ ದಿನ.”

ಅವರು ಮನಸ್ಸಿನಲ್ಲೇ ದಿನ ಎಣಿಸಿದರು. “ಆಗ ಯಜಮಾನ್ರು ಇದ್ರು.”

“ಇದ್ರು. ಅವರಿಗೂ ಹೇಳಿದೆ. ಆಕೆಗೆ ಹೇಳ್ಬೇಡ, ಕೊರಗುತ್ತೆ ಅಂದ್ರು. ಅದಕ್ಕೇ ಹೇಳಲಿಲ್ಲ.”

ಚಿಕ್ಕತಾಯಮ್ಮ ಎರಡೂ ಕೈಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು ಕೂತರು. ಪಂಜರದಲ್ಲಿ ಜೋಡಿಗಳು ಒಂದೊಂದಾಗಿ ಬಿಡುತ್ತಿದ್ದವು. ಆ ವರ್ಷವಿಡೀ ನಾನು ಅವರನ್ನು ಕಾಪಾಡುತ್ತಿದ್ದೇನೆ ಅಂತಲೇ ತಿಳಿದುಕೊಂಡಿದ್ದೆ. ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು ನನಗೆ.

“ಅವತ್ತೇ ಹೇಳಿದ್ರೆ ಆಸ್ಪತ್ರೆಗ್ ಓಡ್ಬಂದು ಅವ್ರ ಕಾಲ್ ಹಿಡ್ಕತಿದ್ದೆ,” ಅಂದರು. “ತಪ್ಪಾಯ್ತು ಸ್ವಾಮಿ ಅಂತಿದ್ದೆ. ಬೈದಿದ್ರೆ ಬೈಸ್ಕತಿದ್ದೆ. ಈಗ ಯಾರ್ ಕಾಲ್ ಹಿಡೀಲವ್ವಾ?”

“ಅವರು ಬೈಲಿಲ್ಲ. ಸಿಟ್ಟಿಲ್ಲ ಅಂದ್ರು. ನನ್ನ ಕಿವಿಯಾರೆ ಕೇಳಿದೀನಿ.”

“ನೀವ್ ಕೇಳುಸ್ಕಂಡ್ರಿ,” ಅಂದರು ಚಿಕ್ಕತಾಯಮ್ಮ. “ನಾ ಕೇಳುಸ್ಕಬೇಕಾಗಿತ್ತು.”